ಕಾರಿಗಾಗಿ ಹೂಡಿದ ಒಲೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಹೇಳಿ ನಗುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಆ ಬರೆ ಹಾಕಿಸಿಕೊಂಡ ಎಮ್ಮೆ ನಾನು. ಜ್ವರ ಬಂದ ಎತ್ತು ನನ್ನ ಗಂಡ.

ಯುದ್ಧದ ಕಾಲ ಅದು. ನಾನು ಗುತ್ತಲಿನ ಆ ಮನೆಗೆ ಕಿರಿಯ ಸೊಸೆಯಾಗಿ ಬಂದು ಒಂದು ಹೆಣ್ಣುಮಗುವಿನ ತಾಯಿಯಾಗಿದ್ದೆ. ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣನದು. ಬಾವನವರು ಕಬ್ಬಿನ ದುಡ್ಡಿನಲ್ಲಿ, ಮೈಸೂರಿನ ಯಾರೋ ಸಾಹುಕಾರರು ಓಡಿಸಿ ಬಿಟ್ಟ ಕಾರೊಂದನ್ನು ತಂದಿದ್ದರು. ಪೆಟ್ರೋಲು ಸಿಗದ ದಿನಗಳು, ಅದಕ್ಕೇ ಇದ್ದಿಲು ಉರಿಸಿ ಅದರ ಗ್ಯಾಸಿನಲ್ಲಿ ಓಡಲೆಂದು ಹಿಂದುಗಡೆ ಡ್ರಮ್ಮು ಕಟ್ಟಿಸಿದ್ದರು. ಅದು ಹೊತ್ತಿಕೊಂಡು ಕಾರು ಹೊರಡುವಷ್ಟರಲ್ಲಿ ನಾನು ಇಡೀ ಮನೆಗೆ ಮುದ್ದೆ ಕಟ್ಟಿ ಮುಗಿಸಿರುತ್ತಿದ್ದೆ. ಆದರೂ ಮದುವೆ ದಿಬ್ಬಣಕ್ಕೆ ಆ ಕಾರೇ ಆಗಬೇಕೆಂದು ಸುತ್ತಿನ ಊರುಗಳವರು ಬಾಡಿಗೆಗೆ ಕೇಳಿಕೊಂಡು ಬರುತ್ತಿದ್ದರು. ಓಡಿಸುತ್ತಿದ್ದವರು ಬಾವನವರು, ಇಲ್ಲವೇ ನನ್ನ ಗಂಡ. ಕೀಲಿ ನಡುಮನೆಯಲ್ಲಿ ದೇವರ ಪಟದ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

ಒಂದು ಸಲ ನನ್ನ ಗಂಡ ಆ ಕೀಲಿ ಎತ್ತಿಕೊಂಡು ಮಳವಳ್ಳಿ ಕಡೆ ಬೀಗರೂಟಕ್ಕೆ ಹೋದರು. ಬೀಗರೂಟವೆಂದರೆ ಬಾಡೂಟ, ಬಾಡೂಟವೆಂದರೆ ಸಾರಾಯಿ. ಕುಡಿದು ವಾಪಸು ಬರುವಾಗ ಮದ್ದೂರಿನ ಹತ್ತಿರ ಒಂದು ಎತ್ತಿನ ಗಾಡಿಗೆ ಗುದ್ದಿ ಕಾರನ್ನು ನಾಲೆಗೆ ಇಳಿಸಿದರು. ಗಾಡಿಯವನು ಕಬ್ಬಿನ ಮೇಲೆ ಮಲಗಿ ನಿದ್ದೆ ಹೋಗಿದ್ದನಂತೆ, ಎತ್ತುಗಳು ತಮ್ಮ ಪಾಡಿಗೆ ತಾವು ರಸ್ತೆಯ ಎಡಕ್ಕೇ ಹೋಗುತ್ತಿದ್ದವಂತೆ. ಆ ಎತ್ತುಗಳಿಗಿದ್ದ ಬುದ್ಧಿ ನಮ್ಮ ಎತ್ತಿಗೆ ಇರಲಿಲ್ಲ. ಪಾಪ, ಗಾಡಿಯವನ ಕೈ ಮುರಿಯಿತು. ಮದ್ದೂರಿನ ಮ್ಯಾಜಿಸ್ಟ್ರೇಟರು ಇವರಿಗೆ ದಂಡ ಹಾಕಿ ಲೈಸೆನ್ಸು ಕಿತ್ತುಕೊಂಡರು. ಕುಡಿದು ಓಡಿಸಿದವನು ಎಂದು ಕೋರ್ಟಿನಲ್ಲಿ ದಾಖಲಾಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಕಾರಿನ ವಿಮೆ ಮತ್ತೆ ಕಟ್ಟುವ ಕಾಲ ಬಂದಾಗ ಕಂಪನಿಯ ಏಜೆಂಟು ಮೈಸೂರಿನಿಂದ ಬಂದು ಜಗಲಿಯಲ್ಲಿ ಕೂತ. ಮೊದಲ ಪ್ರಶ್ನೆಯೇ, "ತಮ್ಮನವರು ನಿಮ್ಮ ಜೊತೇಲೇ ಇದ್ದಾರಾ?"

"ಇನ್ನೆಲ್ಲಿದ್ದಾನು? ನಮ್ದು ಒಂದೇ ಒಲೆ ಕಣ್ರೀ," ಎಂದರು ಬಾವನವರು, ಎದೆಯುಬ್ಬಿಸಿ.

"ಹಾಗಾದರೆ ವಿಮೆ ದುಪ್ಪಟ್ಟಾಗುತ್ತೆ."

"ಅವ್ನ ಲೈಸೆನ್ಸೇ ಕಿತ್ಕೊಂಡವ್ರಲ್ರೀ. ಇನ್ನೇನು ಓಡಿಸಾನು?"

"ಲೈಸೆನ್ಸು ಕಿತ್ಕೊಂಡಿದ್ದಾರೆ, ಕೀಲಿ ಗೋಡೆ ಮೇಲೇ ಇದೆಯಲ್ಲ ಸ್ವಾಮಿ. ಕುಡಿದವರು ಕೈ ಹಾಕಿದರೆ ತಡೆಯೋರು ಯಾರು? ಅವರು ಬೇರೆ ಹೋಗಿದ್ದರೆ ಹಳೇ ದರಕ್ಕೇ ಮಾಡಿಕೊಡಬಹುದಿತ್ತು."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಾನವಾಗಿ ಬದುಕುವ ಯಾವ ಮನೆಯವರಾದರೂ ಏನು ಮಾಡಬೇಕು? ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಕುಡಿದವನನ್ನು ಕೂರಿಸಿ ಉಗಿಯಬೇಕು. ನಮ್ಮ ಬಾವನವರು ಅದೆರಡನ್ನೂ ಬಿಟ್ಟು, ಮಾರನೆಯ ದಿನವೇ ದನದ ಕೊಟ್ಟಿಗೆಯ ಮೂಲೆಯಲ್ಲಿ ಕಲ್ಲು, ಮಣ್ಣು ತರಿಸಿ ಒಂದು ಒಲೆ ಹೂಡಿಸಿದರು. ತಮ್ಮ ಬೇರೆ ಹೋದ ಎಂದು ಊರಿಗೆ ಸಾರಿಸಿದರು. ನಮ್ಮ ಕಡೆ ಬೇರೆ ಹೋಗುವುದೆಂದರೆ ಬೇರೆ ಒಲೆ ಹೂಡುವುದೇ, ಆದ್ದರಿಂದ ಒಲೆ ಕಂಡ ಯಾರೂ ಅನುಮಾನ ಪಡಲಿಲ್ಲ.

ಆ ಒಲೆ ಹೊತ್ತಿಸಬೇಕಾದವಳು ಯಾರು? ನಾನು! ಕಾರಿನ ಮೆತ್ತೆಯ ಮೇಲೆ ಒಂದು ದಿನವೂ ಕೂತವಳಲ್ಲ, ಸಾರಾಯಿಯ ವಾಸನೆಗೇ ವಾಕರಿಸುವವಳು. ದಿನ ಬೆಳಗಾದರೆ ವಾರಗಿತ್ತಿ ರಾಗಿಹಿಟ್ಟು ಅಳೆದು ಕೊಡುವಳು, ನಾನು ಭಿಕ್ಷೆಯವಳ ಹಾಗೆ ಸೆರಗೊಡ್ಡಬೇಕು. ನನ್ನ ಬೆನ್ನ ಹಿಂದೆಯೇ ಹಸು ಕರೆದ ಹಾಲು ದೊಡ್ಡ ಅಡುಗೆಮನೆಗೆ ಹೋಗುತ್ತಿತ್ತು. ಮಗು ಆ ಚೆಂಬನ್ನೇ ನೋಡುತ್ತಿತ್ತು. ಇನ್ನು ನನ್ನ ಗಂಡ? ಉಣ್ಣುವ ಹೊತ್ತಿಗೆ ಅತ್ತೆ, "ಬಾ ಮಗ, ಹೊಗೇಲಿ ಯಾಕೆ ಕೂತ್ಕತೀಯ," ಎಂದು ಕರೆದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಕುಡಿದವನಿಗೆ ನಡುಮನೆ, ಕುಡಿಯದವಳಿಗೆ ಕೊಟ್ಟಿಗೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮಹರಾಯ ಮಾಡಿದ್ದನ್ನು ನಾನು ಉಣ್ಣುತ್ತಿದ್ದೆ.

ಏಜೆಂಟು ನೋಡಿಹೋಗಲು ಮತ್ತೆ ಬಂದ. ಬಾವನವರು ಸಾಕ್ಷಿಗೆಂದು ಊರಿನ ಇಬ್ಬರು ಹಿರಿಯರನ್ನೂ ಕರೆಸಿದ್ದರು. "ಬೇರೆ ಆಗವ್ರೆ ಕಣ್ರೀ. ಬೇಕಾರೆ ಓಗಿ ನೋಡಿ, ಒಲೆ ಬೇರೆನೇ ಐತೆ," ಎಂದರು ಆ ಹಿರಿಯರು. ಏಜೆಂಟು ಕೊಟ್ಟಿಗೆಗೆ ಇಣುಕಿದ, ನನ್ನನ್ನೂ ಮಗುವನ್ನೂ ನೋಡಿದ, ತಲೆಯಾಡಿಸಿ ಜಗಲಿಗೆ ಹೋದ. ಅವನ ಹಿಂದೆಯೇ ನಾನೂ ಎದ್ದೆ.

ತಮ್ಮನ ಹೆಂಡತಿ ಬಾವನ ಜೊತೆ ನೇರವಾಗಿ ಮಾತಾಡುವಂತಿಲ್ಲ. ಬಾಗಿಲ ಮರೆಯಲ್ಲಿ ನಿಂತು ಅತ್ತೆಗೆ ಹೇಳಬೇಕು. ಹಾಗೆಯೇ ನಿಂತೆ, ಜಗಲಿಯವರೆಗೂ ಕೇಳುವಷ್ಟು ಜೋರಾಗಿ ಹೇಳಿದೆ. "ಅತ್ತೆ, ನಾವು ಬೇರೆ ಆಗಿರಾದು ದಿಟವಾದ್ರೆ ನಮ್ ಪಾಲಿನ ಗದ್ದೆ ಯಾವ್ದು ಅಂತ ಈ ಇರೀಕ್ರ ಮುಂದೇನೆ ತೋರ್ಸಕ್ಕೆ ಏಳಿ. ನಾಲೆ ಕೆಳಗಿಂದೋ, ಕಬ್ಬು ಆಕಿರಾದೋ? ಬೇರೆ ಒಲೆಗೆ ಬೇರೆ ರಾಗಿ ಬೇಕಲ್ಲ."

ಜಗಲಿಯಲ್ಲಿದ್ದ ಹಿರಿಯರಲ್ಲಿ ಒಬ್ಬರು ಎಲೆಯಡಿಕೆ ಉಗಿದು ಬಂದು, "ಎಣ್ಮಗಳು ಕೇಳ್ತಿರಾದ್ರಲ್ಲಿ ನ್ಯಾಯ ಐತೆ ಕಣಪ್ಪ. ಒಲೆ ಬೇರೆ ಅಂದ್ಮೇಲೆ ಪಾಲೂ ಬೇರೆನೇ. ಯಾವತ್ತು ಅಳೆಯಾನ, ಏಳು," ಎಂದರು.

ಬಾವನವರ ಮುಖ ನನಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿಸಿತು. "ಬೇರೆನೂ ಇಲ್ಲ, ಗೀರೆನೂ ಇಲ್ಲ. ಆ ದುಪ್ಪಟ್ಟೇ ಬರ್ಕೊಳ್ರೀ."

ಗದ್ದೆ ಹೋಗುತ್ತದೆ ಎಂದಾಗ ನಾವು ಮತ್ತೆ ಒಂದೇ ಮನೆಯವರಾದೆವು! ಅಷ್ಟು ದಿನ ಆ ಹೊಗೆಯಲ್ಲಿ ನನ್ನ ಮಗು ಕೆಮ್ಮಿದಾಗ ಆಗದಿದ್ದವರು. ನನಗೆ ಗೆದ್ದ ಸಂತೋಷವೇನೂ ಆಗಲಿಲ್ಲ, ಇನ್ನಷ್ಟು ಸಿಟ್ಟು ಬಂತು. ಅತ್ತೆ ಗುದ್ದಲಿ ಹಿಡಿದು ಕೊಟ್ಟಿಗೆಯ ಒಲೆ ಕೀಳಲು ಹೊರಟರು. "ಇರ್ಲಿ ಬುಡಿ ಅತ್ತೆ, ಅದರ ಪಾಡಿಗೆ ಅದಿರ್ಲಿ," ಎಂದೆ. ಯಾಕೆ ಹಾಗೆಂದೆ ಎಂದು ಆಗ ನನಗೂ ತಿಳಿದಿರಲಿಲ್ಲ.

ತಿಳಿದದ್ದು ಸಂಜೆ ಊಟಕ್ಕೆ ಕೂತಾಗ. ಮಗುವಿಗೆ ದೊಡ್ಡ ಅಡುಗೆಮನೆಯಲ್ಲೇ ಹಾಲನ್ನ ಕಲಸಿ ಕೊಟ್ಟು, ನಡುಮನೆಯಲ್ಲಿ ಗಂಡಸರಿಗೆ ಮುದ್ದೆ ಇಕ್ಕುತ್ತಿದ್ದೆ. ನನ್ನ ಗಂಡ ಬಹಳ ಗೆಲುವಾಗಿದ್ದರು. ಮುದ್ದೆ ಮುರಿಯುತ್ತಾ ಮೊಳೆಯಲ್ಲಿದ್ದ ಕೀಲಿಯ ಕಡೆ ನೋಡಿ, "ಎಂಗಿದ್ರೂ ಅಣ್ಣ ನನ್ನೂ ಸೇರ್ಸಿ ವಿಮೆ ಕಟ್ಟವ್ನೆ. ಇನ್ಮೇಲೆ ನಾನೂ ಓಡಿಸ್ಬೋದು, ಅಲ್ವಾ?" ಎಂದರು.

ನಾನು ಸಾರಿನ ಪಾತ್ರೆ ಕೆಳಗಿಟ್ಟೆ. ಬಾವನವರು ಇದ್ದಾರೆಂದೂ ನೋಡದೆ ಗೋಡೆಯತ್ತ ನಡೆದು ಮೊಳೆಯಿಂದ ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗಂಡನ ಮುಂದಿದ್ದ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟೆ.

"ನಿಮ್ಮ ಒಲೆ ಕೊಟ್ಟಿಗೇಲೈತೆ. ಸೌದೆನೂ ಐತೆ, ಇಟ್ಟೂ ಐತೆ. ಓಗಿ ಬೇಯಿಸ್ಕೊಳ್ಳಿ," ಎಂದೆ.

ಅತ್ತೆ ಏನೋ ಹೇಳಲು ಬಾಯಿ ತೆರೆದರು. ಬಾವನವರು ತಲೆ ಎತ್ತದೆ, "ಓಗ್ಲಿ ಬುಡವ್ವ," ಎಂದರು. ಆಮೇಲೆ ಕಾರು ಬೇಕಾದಾಗಲೆಲ್ಲ ಅವರೂ ಅತ್ತೆಯ ಮೂಲಕ ನನ್ನನ್ನು ಕೇಳಿಯೇ ಕೀಲಿ ಪಡೆಯಬೇಕಾಯಿತು.

ನನ್ನ ಗಂಡ ಆ ಸಂಜೆ ಕೊಟ್ಟಿಗೆಯಲ್ಲಿ ಊದುಗೊಳವೆ ಹಿಡಿದು ಊದಿದರು, ಊದಿದರು. ಕಾರಿನ ಇದ್ದಿಲು ಹೊತ್ತಿಸಲು ಬರುತ್ತಿದ್ದವರಿಗೆ ಒಂದು ಒಲೆ ಹೊತ್ತಿಸಲು ಬರಲಿಲ್ಲ. ನಾನು ಹೇಳಿಕೊಡಲಿಲ್ಲ.