ಮೂರನೆಯ ಗೂಡಿನ ಮೊಲ

ಆಗ ನನಗೆ ಐವತ್ತೆರಡು. ಈಗ ಅದಕ್ಕೆ ಇಪ್ಪತ್ತೈದು ವರ್ಷವಾಯಿತು. ಧಾರವಾಡದ ಲ್ಯಾಬಿನವರು ಹಳಿಯಾಳದ ಹೊರಗೆ ಮೊಲದ ಶೆಡ್ಡು ಇಟ್ಟಿದ್ದರು. ಗೂಡು ತೊಳೆದು ಸೊಪ್ಪು ಹಾಕುವ ಕೆಲಸ ನನ್ನದು. ಮನುಷ್ಯರ ಲಿವರಿನಲ್ಲಿ ಉಂಡ ಅನ್ನವನ್ನು ಶಕ್ತಿ ಮಾಡುವ ಕಿಣ್ವ ಇರುತ್ತದಂತೆ. ಅದನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತ ಅದರ ಗುರುತು ಹಿಡಿಯಲು ಕಲಿಯುತ್ತದೆ. ಹಾಗೆ ಕಲಿತ ರಕ್ತದ ತಿಳಿಯಲ್ಲಿ ಇರುವುದೇ ಆಂಟಿಬಾಡಿ. ಕಿಣ್ವ ಎಲ್ಲಿದ್ದರೂ ಅದು ಪತ್ತೆ ಹಚ್ಚುತ್ತದೆ. ಲ್ಯಾಬಿನ ಸಾಹೇಬರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟೇ. ಕಿವಿಯ ನರದಿಂದ ರಕ್ತ ತೆಗೆಯುವಾಗ ಮೊಲ ಹಿಡಿಯುತ್ತಿದ್ದವಳು ನಾನು.

ಮೂರನೆಯ ಗೂಡಿನ ಮೊಲದ ರಕ್ತ ಎಲ್ಲಕ್ಕಿಂತ ಚಲೋ. ಅದನ್ನು ಹಾಕಿದರೆ ಲ್ಯಾಬಿನ ಪರೀಕ್ಷೆಯ ಪಟ್ಟಿಯ ಮೇಲೆ, ಕಿಣ್ವ ಇದ್ದಲ್ಲಿ, ಕಪ್ಪು ಗೆರೆ ದಟ್ಟವಾಗಿ ಮೂಡುತ್ತಿತ್ತಂತೆ. ಒಂದು ಸೋಮವಾರ ನೋಡಿದರೆ ಆ ಗೂಡಿನಲ್ಲಿ ಬೇರೆ ಮೊಲ. ಬಣ್ಣ ಅದೇ ಬಿಳಿ, ಕಿವಿ ಮಾತ್ರ ನುಣ್ಣಗೆ, ಸೂಜಿಯ ಕಲೆಯೇ ಇಲ್ಲ. ಶೆಡ್ಡಿನ ಸೂಪರ್‌ವೈಸರನನ್ನು ಕೇಳಿದೆ.

“ಸುಮ್ನಿರಬೇ. ನಿನ್ನೆ ಮನಿಗೆ ಬೀಗರು ಬಂದಿದ್ರು, ಕೊಯ್ದ್ವಿ. ನಿನಗ ಕೆಲಸ ಬೇಕೋ ಬ್ಯಾಡೋ?”

ಕೆಲಸ ಬೇಕಿತ್ತು. ಸುಮ್ಮನಾದೆ. ಅದು ನನ್ನ ತಪ್ಪು.

ಮುಂದಿನ ಸಲದ ರಕ್ತಕ್ಕೆ ಗೆರೆಯೇ ಮೂಡಲಿಲ್ಲ. ಸಾಹೇಬರು ಫೋನಿನಲ್ಲಿ ಕೇಳಿದಾಗ ಸೂಪರ್‌ವೈಸರ, ಮುದುಕಿಯೇ ಮೊಲ ತಿಂದು ಸಂತೆಯ ಮೊಲ ತಂದಿಟ್ಟಿದ್ದಾಳೆ ಎಂದ. ನನ್ನನ್ನು ಕೆಲಸ ಬಿಡಿಸಿದ. ಚಹಾದಂಗಡಿಯಲ್ಲೂ ಅದನ್ನೇ ಸಾರಿದ. ನಾವು ಲಿಂಗ ಕಟ್ಟಿದವರು, ತತ್ತಿಯನ್ನೂ ಮುಟ್ಟಿದವರಲ್ಲ. ಪೂಜೆಗೆ ಬರುತ್ತಿದ್ದ ಅಯ್ಯನವರು ಬರುವುದನ್ನು ಬಿಟ್ಟರು. ನಳದ ಹತ್ತಿರ ಹೆಂಗಸರು, “ಯಕ್ಕಾ, ಮೊಲದ ಸಾರಿಗೆ ಕೊಬ್ರಿ ಹಾಕ್ತಾರೇನ?” ಎಂದು ನಕ್ಕರು. ಮೂರು ವಾರ ಹಲ್ಲು ಕಚ್ಚಿ ಕೂತೆ. ಸಾಹೇಬರ ಜೀಪು ಬರುವ ದಿನ ನನಗೆ ಗೊತ್ತಿತ್ತು.

ಆ ದಿನ ಶೆಡ್ಡಿಗೆ ಹೋಗಿ, ಎಲ್ಲರೆದುರು ಎರಡನೆಯ ಗೂಡಿನ ಮೊಲದ ಕಿವಿಯನ್ನು ಬೆಳಕಿಗೆ ಹಿಡಿದೆ. ಸೂಜಿಯ ಕಲೆಗಳ ಸಾಲು ಕಂಡಿತು. ಆಮೇಲೆ ಮೂರನೆಯದು. ಅದರಲ್ಲಿ ಒಂದೇ ಕಲೆ.

“ಮೊಲ ಬದಲಾಗೇತಿ ಖರೆ. ಆದ್ರ ಸಾಹೇಬ್ರ, ಆ ಮೊಲಕ್ಕ ಮನಷ್ಯಾರ ಲಿವರಿಂದು ಆರು ಸಲ ಚುಚ್ಚಿದ್ರಿ. ಅದನ್ನ ಉಂಡವರು ಉಳಿತಾರೇನ್ರಿ?”

ಸಾಹೇಬರು ಬಾಯಿ ತೆರೆಯುವ ಮೊದಲೇ ಸೂಪರ್‌ವೈಸರ ಅಡ್ಡ ಬಂದ.

“ಸರ್, ನಮ್ಮ ಬೀಗರಿಗೆ ಮೊನ್ನಿಂದ ಹೊಟ್ಟಿನೂವು ಐತ್ರೀ. ದವಾಖಾನಿಗೆ ಒಯ್ಯಬೇಕೇನ್ರಿ?”

ಸಾಹೇಬರು ಅವನ ಕಡೆ ತಿರುಗಿದರು. “ಅದರಿಂದ ಏನೂ ಆಗೂದಿಲ್ಲ. ನೀ ನಾಳಿಂದ ಬರಬ್ಯಾಡ.”

ಅವನಿಗೆ ಮೂರು ಮಕ್ಕಳು. ಪಾಪ ಎನಿಸಲಿಲ್ಲ, ಈಗಲೂ ಎನಿಸುವುದಿಲ್ಲ.

ಮರುದಿನ ಬೆಳಿಗ್ಗೆ ಅವನು ಟ್ರಂಕು ಹಿಡಿದು ದಾಂಡೇಲಿ ಬಸ್ಸಿಗೆ ನಿಂತಿದ್ದ. ನಾನು ಅವನ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ, ಮೊಲ ಕೊಯ್ದದ್ದು ಯಾರು, ಉಂಡದ್ದು ಯಾರು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬಸ್ಸು ಒಂದು ತಾಸು ತಡವಾಗಿ ಬಂತು. ಅಲ್ಲಿಯವರೆಗೂ ಹೇಳಿದೆ.