ಜಗಲಿ ದಾಟದ ಪ್ರೋಗ್ರಾಮು

ಅಂಕೋಲೆಯ ಒಂದು ಕಾಲೇಜಿನ ಕಂಪ್ಯೂಟರಿನಲ್ಲಿ ಇಮೇಲ್ ಪ್ರೋಗ್ರಾಮಿಗೆ ಯಾವ ಕಡತವನ್ನಾದರೂ ತೆರೆದು ತಿದ್ದುವ ಸರ್ವಾಧಿಕಾರವಿತ್ತು. ಪರೀಕ್ಷೆಯ ಅಂಕಗಳೂ ಅದೇ ಯಂತ್ರದಲ್ಲಿದ್ದವು. ಯಾರಾದರೂ ಪ್ರೋಗ್ರಾಮಿನೊಳಗೆ ನುಸುಳಿದರೂ ಅಂಕ ಮುಟ್ಟದಂತೆ, ಆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಾನು ಅದರ ಅಧಿಕಾರವನ್ನು ಇಮೇಲಿನಷ್ಟಕ್ಕೇ ಕತ್ತರಿಸಿದೆ. ಕೆಲವೇ ವಾರಗಳಲ್ಲಿ ಯಾರೋ ನುಸುಳಿಯೂ ಬಿಟ್ಟರು. ಅಂಕಗಳು ಹಾಗೇ ಉಳಿದವು. ಇದನ್ನು ಹೇಳಲು ಪ್ರಿನ್ಸಿಪಾಲರ ಮನೆಗೆ ಹೋದೆ.

"ಎಂತದೂ ಹೋಗ್ಲಿಲ್ಲ ಅಂದ್ಮೇಲೆ ಈ ಕಟ್ಟುಪಾಡು ಯಾಕೆ ಮಾರಾಯ್ರೆ? ತೆಗ್ದುಬಿಡಿ," ಎಂದರು.

"ಕಟ್ಟುಪಾಡು ಇದ್ದದ್ದಕ್ಕೇ ಹೋಗಲಿಲ್ಲ ಸರ್."

"ನಮ್ಮದೇ ಪ್ರೋಗ್ರಾಮಿನ ಮೇಲೆ ಇಷ್ಟು ಸಂಶಯವಾ? ವಿಶ್ವಾಸ ಬೇಕು."

ಅಷ್ಟರಲ್ಲಿ ನಾವು ಕೂತಿದ್ದ ಜಗಲಿಗೆ ಅವಲಕ್ಕಿ ಬಂತು. ಕೈ ತೊಳೆಯಲು ಒಳಗೆ ಹೊರಟೆ. ಅವರು ತಟ್ಟನೆ ಬಾಗಿಲಿಗೆ ಅಡ್ಡ ನಿಂತರು.

"ಬಾವಿ ಆ ಬದಿಗೆ ಅದೆ. ನಮ್ಮಲ್ಲಿ ಹೊರಗಿನವರು ಜಗಲಿ ದಾಟೂದಿಲ್ಲ."

ಕಟ್ಟುಪಾಡನ್ನು ನಾನು ತೆಗೆಯಲಿಲ್ಲ. ಅವರು ಕೇಳಿದ್ದರೆ, ನಿಮ್ಮ ಮನೆಯ ಪದ್ಧತಿಯನ್ನೇ ಪಾಲಿಸಿದ್ದೇನೆ ಎನ್ನುತ್ತಿದ್ದೆ.