ಭಾವ ಕಾಣಬಾರದ ಮುಖ

ಒಂದು ಸಂಶೋಧನೆಗಾಗಿ ಹತ್ತು ಮುಖಗಳ ಫೋಟೊ ತೋರಿಸಿ, ಯಾರಿಗೆ ಸಿಟ್ಟು ಬಂದಿದೆ, ಯಾರಿಗೆ ದುಃಖವಾಗಿದೆ ಎಂದು ಜನರನ್ನು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಕೇಳುವಾಗ ನನ್ನ ಮುಖದಲ್ಲಿ ಯಾವ ಭಾವವೂ ಕಾಣಬಾರದು, ಕಂಡರೆ ಉತ್ತರ ಕೆಡುತ್ತದೆ ಎಂದು ಮೇಲಿನವರು ಹೇಳಿದ್ದರು. ಅದನ್ನು ಚೆನ್ನಾಗಿಯೇ ಕಲಿತಿದ್ದೆ.

ಗೋವಾದ ಝುವಾರಿನಗರದಲ್ಲಿ ಬಾಡಿಗೆಗೆ ಖೋಲಿ ಹಿಡಿದು ಮೂರು ವಾರವಾಗಿತ್ತು. ಓಣಿಯ ತುಂಬ ನಮ್ಮ ಕಡೆಯ ಕನ್ನಡವೇ ಕೇಳುತ್ತಿತ್ತು. ಆದರೆ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಒಂದು ಫಾರ್ಮೂ ತುಂಬಿರಲಿಲ್ಲ. ಆ ವಾರವೂ ಹಾಗೇ ಕಳೆದರೆ ಕೆಲಸ ಹೋಗುತ್ತಿತ್ತು.

ಕೊನೆಗೆ, ನಳದ ಹತ್ತಿರ ಕೊಡ ತುಂಬುತ್ತಿದ್ದ ಪಕ್ಕದ ಖೋಲಿಯ ಎಲ್ಲವ್ವನನ್ನೇ ಕೇಳಿದೆ. "ಅಕ್ಕಾರ, ನನ್ನ ಕೂಡ ಯಾರೂ ಯಾಕ್ರಿ ಮಾತಾಡವಲ್ರು?"

"ಮನಿ ಕೆಡವಾಕ ಅಳತಿ ತಗೊಳ್ಳಾಕ ಬಂದೀರಲ್ರಿ?"

"ಹಂಗಂತ ಯಾರ್ರಿ ಹೇಳಿದ್ರು?"

"ಯಾರ್ಯಾಕ ಹೇಳಬೇಕ್ರಿ? ನಿಮ್ಮ ಮಾರೀನ ಹೇಳತೈತಿ. ಹೋದ ಸಲ ನೋಟೀಸು ಹಚ್ಚಾಕ ಬಂದಾವನ ಮಾರೀನೂ ಥೇಟ್ ಹಿಂಗ ಇತ್ತು."

ಫೋಟೊ ತೋರಿಸಿ, ನನ್ನ ಕೆಲಸ ಇಷ್ಟೇ ಎಂದು ವಿವರಿಸಿದೆ. ನಂಬಲಿ ಎಂದು ನಕ್ಕೆ. ಗೋವಾಕ್ಕೆ ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ಎಲ್ಲವ್ವ ನನ್ನನ್ನೇ ದಿಟ್ಟಿಸಿದಳು. "ಬ್ಯಾಡ್ರಿ ತಮ್ಮಾ, ನಗಬ್ಯಾಡ್ರಿ. ಈಗ ವೋಟ ಕೇಳಾಕ ಬಂದಂಗ ಕಾಣತೀರಿ."

ಆದರೂ ಕೊಡ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡು, ಫೋಟೊ ಇಸಿದುಕೊಂಡಳು. ಮೊದಲ ಫಾರ್ಮು ತುಂಬಿತು.

ಆ ಸಂಜೆ ಖೋಲಿಯಲ್ಲಿ ಒಬ್ಬನೇ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದೆ. ನಾನಾದರೂ ಕನ್ನಡಿಯಲ್ಲಿದ್ದವನಿಗೆ ವೋಟು ಹಾಕುತ್ತಿರಲಿಲ್ಲ.